ಎರಕದ ತುಂಡು ಹೇಳಿದ ಸಾಕ್ಷಿ

ಲ್ಯಾಬಿನಲ್ಲಿ ಫಕೀರವ್ವನ ಮೂತ್ರದಲ್ಲಿ ಅದ್ದಿ ತೆಗೆದ ಪರೀಕ್ಷಾ ಪಟ್ಟಿ ಹಸಿರಾಗಿ ಬೀಗಿತು: "ಇದರಲ್ಲಿ ರಕ್ತವಿದೆ! ಕೆಲಸ ಮುಗಿಯಿತು."

"ಎಲ್ಲಿಂದ ಬಂತು?" ಎಂದಿತು ಮೈಕ್ರೋಸ್ಕೋಪು.

"ರಕ್ತವಿದೆ ಎಂದಷ್ಟೇ ನನಗೆ ಗೊತ್ತು" ಎಂದಿತು ಪಟ್ಟಿ. ಮೈಕ್ರೋಸ್ಕೋಪಿನಡಿ ಗಾಜಿನ ಮೇಲಿದ್ದ ಅದೇ ಮೂತ್ರದ ಹನಿಯಲ್ಲಿ ತೇಲುತ್ತಿದ್ದ ರಕ್ತಕಣಗಳು, "ನಮಗೂ ಗೊತ್ತಿಲ್ಲ ಸ್ವಾಮಿ, ಹರಿವಿನ ಜೊತೆ ಬಂದವರು ನಾವು" ಎಂದವು.

"ನನ್ನ ದೀಪದ ಮುಂದೆ ಯಾವುದು ಅಡಗೀತು?" ಎಂದು ಮೈಕ್ರೋಸ್ಕೋಪು ಝಗ್ಗೆಂದು ಬೆಳಗಿತು. ಬೇರೇನೂ ಕಾಣಲಿಲ್ಲ. ಲ್ಯಾಬಿನ ಶಹನಾಜ್ ನಕ್ಕು ದೀಪ ತಗ್ಗಿಸಿದಳು. ಆಗ, ಜೋರು ಬೆಳಕಿನಲ್ಲಿ ಕಾಣದಷ್ಟು ತಿಳಿಯಾಗಿದ್ದ ಉದ್ದನೆಯ ತುಂಡೊಂದು ಮೆಲ್ಲಗೆ ಮೂಡಿತು. ಅದರ ಮೈತುಂಬ ರಕ್ತಕಣಗಳು ಅಂಟಿದ್ದವು.

"ಯಾರು ನೀನು?"

"ಎರಕದ ತುಂಡು. ಅಚ್ಚಿನಲ್ಲಿ ಬೆಲ್ಲ ಗಟ್ಟಿಯಾಗುವಂತೆ ಮೂತ್ರಪಿಂಡದ ಸಣ್ಣ ನಾಳದಲ್ಲಿ ಗಟ್ಟಿಯಾಗಿ, ಅದರ ಆಕಾರವನ್ನೇ ಹೊತ್ತು ಬಂದಿದ್ದೇನೆ. ಈ ಕಣಗಳು ನನಗೆ ಅಂಟಿದ್ದೂ ಅಲ್ಲೇ. ರಕ್ತ ಸೋರುತ್ತಿರುವುದು ಮೂತ್ರಪಿಂಡದಿಂದಲೇ."

ಶಹನಾಜ್ ಕೂಡಲೇ ಡಾಕ್ಟರಿಗೆ ಫೋನು ಮಾಡಿದಳು. ಫಕೀರವ್ವನಿಗೆ ಹೊತ್ತು ಮೀರುವ ಮೊದಲೇ ಚಿಕಿತ್ಸೆ ಶುರುವಾಯಿತು.

"ಮೊದಲು ಕೂಗಿದ್ದು ನಾನು!" ಎಂದು ಪಟ್ಟಿ ಮುನಿಸಿಕೊಂಡಿತು.

"ಹೌದಪ್ಪ," ಎಂದಿತು ಮೈಕ್ರೋಸ್ಕೋಪು, ತಗ್ಗಿದ ದೀಪದಲ್ಲೇ. "ಬೆಂಕಿ ಬಿತ್ತೆಂದು ಊರಿಗೆಲ್ಲ ಕೂಗಿದ್ದು ನೀನು. ಯಾರ ಮನೆಗೆಂದು ತೋರಿಸಿದ್ದು ಆ ಎರಕದ ತುಂಡು."