ಹೊಸ ಹಾರನ್ನೂ ಒಣಗಿದ ಚೈನೂ

ಪರಸಪ್ಪ ಹೆಣ್ಣು ನೋಡಲು ಹೊರಟ ದಿನ ಬೈಕಿನ ಟ್ಯಾಂಕನ್ನು ಫಳಫಳ ಒರೆಸಿ, ಹೊಸ ಹಾರನ್ ಹಾಕಿಸಿದ. ಊರು ದಾಟುವಷ್ಟರಲ್ಲಿ ಚೈನು ಕಿರುಗುಟ್ಟತೊಡಗಿತು.

“ಏನಯ್ಯಾ ಇದು ಅಪಸ್ವರ? ಶುಭಕಾರ್ಯಕ್ಕೆ ಹೊರಟಿದ್ದೇವೆ,” ಎಂದು ಹಾರನ್ ಗದರಿತು.

“ಮೈಯೆಲ್ಲ ಒಣಗಿದೆ, ಸಡಿಲವೂ ಆಗಿದ್ದೇನೆ. ಒಂದಿಷ್ಟು ಎಣ್ಣೆ ಹಾಕಿ ಬಿಗಿ ಮಾಡಲು ಯಜಮಾನರಿಗೆ ನೀವಾದರೂ ಹೇಳಿ. ನಿಮ್ಮ ದನಿ ಅವರಿಗೆ ಕೇಳಿಸುತ್ತದೆ,” ಎಂದಿತು ಚೈನು.

“ನನ್ನ ದನಿ ಇರುವುದು ನಾವು ಬರುವುದನ್ನು ಊರಿಗೆ ಸಾರಲು. ಎಣ್ಣೆ ಬೇಡುವುದು ನನ್ನ ಘನತೆಗೆ ತಕ್ಕ ಕೆಲಸವಲ್ಲ,” ಎಂದಿತು ಹಾರನ್.

ಪರಸಪ್ಪನೂ ಆ ಕಿರುಗುಟ್ಟುವಿಕೆ ಕಿವಿಗೆ ಬೀಳದಿರಲೆಂದು ಹಾರನ್ನನ್ನೇ ಮತ್ತೆ ಮತ್ತೆ ಒತ್ತುತ್ತ ಹೋದ. ಏರು ಹತ್ತುವಾಗ ಚೈನು ಕಳಚಿ ಬಿತ್ತು. ಬೈಕು ರಸ್ತೆಯ ನಡುವೆಯೇ ನಿಂತಿತು. ಪರಸಪ್ಪ ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ಧೂಳಿನಲ್ಲಿ ಕುಳಿತ.

ಅಷ್ಟರಲ್ಲಿ ಹಿಂದಿನಿಂದ ಗಾಡಿ ಎಳೆದುಕೊಂಡು ಬಂದ ಎತ್ತು ವಿನಯದಿಂದ ಕೇಳಿತು: “ಹಾರನ್ ರಾಯರೇ, ತುಸು ದಾರಿ ಬಿಡುತ್ತೀರಾ?”

“ಅದು ನನ್ನ ಕೈಲಿಲ್ಲ,” ಎಂದಿತು ಹಾರನ್, ಬಹಳ ಮೆತ್ತಗೆ. “ಕೆಳಗೆ ಚೈನಣ್ಣನವರು ಬಿದ್ದಿದ್ದಾರೆ. ಅವರು ಎದ್ದರೆ ನಾವೆಲ್ಲ ಹೊರಡುತ್ತೇವೆ.”