ಐವತ್ತಮೂರನೆಯ ಹಲ್ಲು

ನಾಲ್ಕು ಬೀದಿ ಕೂಡುವಲ್ಲಿ ನಿಂತು ಡಂಗುರದವನು ಸಾರಿದ್ದು ಇಷ್ಟು: "ಮಾರ್ತಾಂಡ ಮಹಾರಾಜರ ಅಪ್ಪಣೆ. ಅರಮನೆಯಲ್ಲಿ ಪೂಜೆಗೊಳ್ಳುವ ಕಂಚಿನ ತೂತುತಟ್ಟೆ ಸ್ವಯಂಭೂ. ಅದಕ್ಕೆ ಸಿಗದ ಎಣಿಕೆಯ ಹಲ್ಲುಗಾಲಿಯನ್ನು ನಾಡಿನಲ್ಲಿ ಯಾರೂ ಕೊರೆಯತಕ್ಕದ್ದಲ್ಲ. ಕೊರೆದವರ ಲೇತು ಯಂತ್ರ ಅರಮನೆಗೆ ಸೇರುವುದು. ತಕರಾರಿದ್ದವರು ಸಭೆಗೆ ಬಂದು ಮೂರು ಒಗಟು ಬಿಡಿಸಬಹುದು. ಬಿಡಿಸಿದವರಿಗೆ ಕೇಳಿದ ಬಹುಮಾನ, ತಪ್ಪಿದವರಿಗೆ ಗಲ್ಲು."

ಗಾಲಿಗೆ ಹಲ್ಲು ಕೊರೆಯುವಾಗ ಅದನ್ನು ಸಮಸಮವಾಗಿ ತಿರುಗಿಸಿ ನಿಲ್ಲಿಸಬೇಕಲ್ಲ, ಅದಕ್ಕೆ ಸುತ್ತಲೂ ತೂತುಗಳಿರುವ ಇಂಥ ತಟ್ಟೆ ಬೇಕು. ಅರಮನೆಯ ತಟ್ಟೆಗೆ ಐವತ್ತೆರಡು ಹಲ್ಲು ಸಿಗುತ್ತಿತ್ತು, ಐವತ್ತನಾಲ್ಕೂ ಸಿಗುತ್ತಿತ್ತು. ಐವತ್ತಮೂರು ಸಿಗುತ್ತಿರಲಿಲ್ಲ. ಹಾಲವ್ವ ಹಿತ್ತಿಲ ಚಪ್ಪರದ ಕೆಳಗೆ, ಕಾಲಲ್ಲಿ ತುಳಿಯುವ ಲೇತಿನ ಮೇಲೆ, ಊರ ಗಿರಣಿಗೆಂದು ಕೊರೆದದ್ದು ಅದನ್ನೇ. ಸಂಜೆಯೊಳಗೆ ಅರಮನೆಯ ಗಾಡಿ ಬಂದು ಲೇತನ್ನು ಹೇರಿಕೊಂಡು ಹೋಯಿತು.

"ಐವತ್ತೆರಡೇ ಮಾಡ್ತೀನಿ ಅಂತ ಕೈಮುಗಿದು ಬಿಡಿಸಿಕೊಂಡು ಬಾರೇ," ಎಂದಳು ಅವಳ ಅವ್ವ. "ಒಂದು ಹಲ್ಲಿಗೆ ಯಾರಾದರೂ ತಲೆ ಕೊಡ್ತಾರಾ?"

"ಒಂದು ಹಲ್ಲಿಗೆ ತಲೆ ಕೇಳೋರು ಇದ್ದಾರಲ್ಲವ್ವ," ಎಂದು ಹಾಲವ್ವ ಸೆರಗು ಸಿಕ್ಕಿಸಿ ಹೊರಟಳು.

ಸಭೆಯಲ್ಲಿ ಅವಳಿಗಿಂತ ಮುಂದೆ ಇಬ್ಬರು ನಿಂತಿದ್ದರು, ಅವಳಂತೆಯೇ ಲೇತು ಕಳೆದುಕೊಂಡವರು: ಬೀಗ ಮಾಡುವ ಫಕೀರಪ್ಪ, ಗಡಿಯಾರ ರಿಪೇರಿಯ ರಂಗೋಜಿ. ಒಗಟು ಮೂವರಿಗೂ ಒಟ್ಟಿಗೇ. ಮೊದಲೆರಡು ರಾಜರ ಮುತ್ತಾತನ ಕಾಲದವು. ರಾಜರಿಗೆ ಅವುಗಳ ಉತ್ತರ ಬಾಯಿಪಾಠ, ಅರ್ಥ ಮಾತ್ರ ಯಾವತ್ತೂ ವಿಚಾರಿಸಿದವರಲ್ಲ. ಮೂರನೆಯದು ಅವರದೇ ಸ್ವಂತದ್ದು.

"ಎದುರುಬದುರು ಎರಡು ಮನೆ," ಎಂದರು ರಾಜರು. "ಈ ಮನೆಯವರು ಒಬ್ಬೊಬ್ಬರಾಗಿ ಆ ಮನೆಯವರ ಕೈ ಹಿಡಿದು ಮುಂದೆ ದಾಟಿಸುವರು. ಹಿಡಿದ ಕೈಗಳನ್ನೇ ಮತ್ತೆ ಮತ್ತೆ ಹಿಡಿದು ಎರಡೂ ಮನೆ ಸವೆದವು. ಆಗ ಆ ಮನೆಗೆ ಒಬ್ಬ ಹೆಚ್ಚಿನವನು ಬಂದು ಕೂತ, ಎರಡೂ ಬಹುಕಾಲ ಬಾಳಿದವು. ಯಾರವನು?"

"ಮನೆ ಅಳಿಯ," ಎಂದ ಫಕೀರಪ್ಪ, ತಡಮಾಡದೆ.

"ಮನೆ ಅಳಿಯ ಬಂದು ಬಾಳಿದ ಮನೆ ಯಾವುದಯ್ಯ?" ಎಂದರು ರಾಜರು. ಅವರ ಮನೆಯಲ್ಲೂ ಒಬ್ಬನಿದ್ದ. ಫಕೀರಪ್ಪನಿಗೆ ಕೋಳ ಬಿತ್ತು.

"ಐವತ್ತಮೂರನೆಯ ಹಲ್ಲು," ಎಂದಳು ಹಾಲವ್ವ. "ಚಿಕ್ಕ ಗಾಲಿಗೆ ಹದಿಮೂರು ಹಲ್ಲು, ದೊಡ್ಡದಕ್ಕೆ ಐವತ್ತೆರಡು ಇದ್ದರೆ, ಚಿಕ್ಕದರ ಮುಕ್ಕಾದ ಹಲ್ಲು ದೊಡ್ಡದರ ಅದೇ ನಾಲ್ಕನ್ನು ಕಡಿದು ತಿನ್ನುತ್ತೆ. ದೊಡ್ಡದಕ್ಕೆ ಇನ್ನೊಂದು ಸೇರಿಸಿ, ಆ ಮುಕ್ಕು ಹಲ್ಲು ಎಲ್ಲರ ಕೈ ಹಿಡಿದ ಮೇಲೇ ಮೊದಲಿನವನ ಹತ್ತಿರ ಬರುತ್ತೆ. ನೀವು ಬೇಡ ಅಂದಿದ್ದು ಇದನ್ನೇ, ಮಹಾಸ್ವಾಮಿ."

ರಾಜರ ಹುಬ್ಬು ಗಂಟಾಯಿತು. ಬಾಯಿಪಾಠದ ಉತ್ತರವೂ "ಹೆಚ್ಚಿನ ಹಲ್ಲು" ಎಂದೇ ಇತ್ತು.

"ಎರಡನೆಯದು. ದುಂಡನೆಯ ರೊಟ್ಟಿ ಒಂದು. ಹೇಗೆ ಮಡಿಸಿದರೂ ಸಮಪಾಲು ಸಿಗದಷ್ಟು ಜನ. ಯಾರಿಗೂ ಚೂರು ಹೆಚ್ಚುಕಡಿಮೆ ಆಗಬಾರದು. ಎಲ್ಲಿಂದ ಶುರು ಮಾಡುವೆ?"

"ನಡುಮಧ್ಯದಿಂದ," ಎಂದ ರಂಗೋಜಿ. ಅವನಿಗೂ ಕೋಳ.

"ರೊಟ್ಟಿ ತಟ್ಟೋದಕ್ಕೆ ಮುಂಚಿನಿಂದ," ಎಂದಳು ಹಾಲವ್ವ. "ದುಂಡಗಿರೋದನ್ನ ಭಾಗ ಮಾಡೋಕೆ ಹೋದರೆ ತಾನೇ ತೊಂದರೆ. ನಾನು ನೆಟ್ಟಗಿನ ತಗಡಿನ ಪಟ್ಟಿ ತಗೊಳ್ತೀನಿ. ಒಂದು ತೂತು ಹಾಕಿ, ಅದರಲ್ಲಿ ಮೊಳೆ ನಿಲ್ಲಿಸಿ, ಮೊಳೆಯಿಂದ ಗೊತ್ತುಮಾಡಿದ ದೂರಕ್ಕೆ ಇನ್ನೊಂದು. ಹೀಗೇ ಐವತ್ತಮೂರು. ಆಮೇಲೆ ಪಟ್ಟಿ ಬಗ್ಗಿಸಿ ತುದಿಗೆ ತುದಿ ಕೂಡಿಸ್ತೀನಿ, ಅದರೊಳಗೆ ಕೂರೋ ಹಾಗೆ ಮರದ ಬಿಲ್ಲೆ ಕಡೀತೀನಿ. ಪಾಲು ಮೊದಲು, ಚಕ್ರ ಆಮೇಲೆ."

ಬಾಯಿಪಾಠದಲ್ಲಿದ್ದದ್ದೂ ಅದೇ, ರಾಜರು ಒಪ್ಪಲೇಬೇಕಾಯಿತು. ಆಮೇಲೆ ಮೆಲ್ಲಗೆ ನಕ್ಕರು. ಎದುರಿಗೆ ಪೀಠದ ಮೇಲೆ ಕುಂಕುಮ ಹಚ್ಚಿದ ಕಂಚಿನ ತಟ್ಟೆಯಿತ್ತು.

"ಮೂರನೆಯದು ಸುಲಭ. ತಾಯಿಯಿಲ್ಲದೆ ಹುಟ್ಟಿದೆ, ತಾನು ಹೆತ್ತದ್ದಕ್ಕೆಲ್ಲ ತಪ್ಪದ ತಾಯಿಯಾಗಿದೆ. ಯಾವುದು?"

ಕಣ್ಣಿದ್ದವರಿಗೆಲ್ಲ ಉತ್ತರ ಕಾಣುತ್ತಿತ್ತು. "ತಟ್ಟೆ ಅಂದುಬಿಡು ತಂಗಿ, ಲೇತು ತಗೊಂಡು ಮನೆಗೆ ಹೋಗು," ಎಂದು ರಂಗೋಜಿ ಪಿಸುಗುಟ್ಟಿದ. ಹಾಲವ್ವನಿಗೂ ಆಸೆಯಾಯಿತು. ಆದರೆ ಹಾಗೆಂದರೆ ತಟ್ಟೆ ಸ್ವಯಂಭೂ ಎಂಬ ಡಂಗುರಕ್ಕೆ ತಾನೇ ರುಜು ಹಾಕಿದ ಹಾಗೆ. ಲೇತು ಮನೆಗೆ ಬರುತ್ತದೆ, ಐವತ್ತಮೂರು ಬರುವುದಿಲ್ಲ.

"ಒಗಟೇ ತಪ್ಪು, ಮಹಾಸ್ವಾಮಿ," ಎಂದಳು. "ಈ ತಟ್ಟೆಗೆ ತಾಯಿ ಇದ್ದಳು. ಅವಳಿಗೆ ಮೆಳ್ಳೆಗಣ್ಣು."

"ಯೋಚಿಸಿ ಮಾತಾಡು."

"ಯೋಚಿಸಿಯೇ ಅಂದೆ. ಮೊದಲನೆಯ ತಟ್ಟೆಗೆ ಯಾರೋ ಕಣ್ಣಳತೆಯಲ್ಲೇ ತೂತು ಹಾಕಿದರು. ಅಲ್ಲಲ್ಲಿ ವಾರೆ. ಅದನ್ನ ತಿರುಪಿನ ದಂಡಕ್ಕೆ ಕಟ್ಟಿದರು. ತಿರುಪು ನಲವತ್ತು ಸುತ್ತಿದರೆ ಅದಕ್ಕೆ ಕಚ್ಚಿಕೊಂಡ ಗಾಲಿ ಒಂದು ಸುತ್ತುತ್ತೆ. ಆ ಗಾಲಿಯ ಮೇಲಿಟ್ಟು ಕೊರೆದ ಹೊಸ ತಟ್ಟೆಯೇ ಮಗಳು. ಹಾಗಾಗಿ ತಾಯಿಯ ವಾರೆಯಲ್ಲಿ ನಲವತ್ತನೆಯ ಒಂದು ಪಾಲು ಮಾತ್ರ ಮಗಳಿಗೆ. ಮಗಳನ್ನ ಅದೇ ಜಾಗಕ್ಕೆ ಕಟ್ಟಿದರೆ ಮೊಮ್ಮಗಳಿಗೆ ಅದೂ ಉಳಿಯಲ್ಲ. ನಿಮ್ಮದು ಯಾರದೋ ಹಿತ್ತಿಲಿನ ಮೊಮ್ಮಗಳು. ನಂಬಿಕೆ ಇಲ್ಲದಿದ್ದರೆ ತಿರುಗಿಸಿ ನೋಡಿ. ಮುಂದಿನ ಕಡೆ ಎಲ್ಲರೂ ಹೊಳಪು ಕೊಡ್ತಾರೆ, ಹಿಂದೆ ಯಾರೂ ಕೊಡಲ್ಲ."

"ಅದನ್ನು ಯಾರೂ ತಿರುಗಿಸಬೇಡಿ," ಎಂದರು ರಾಜರು. ಅಂದದ್ದು ತುಸು ಬೇಗವಾಯಿತು. ವಯಸ್ಸಾದ ಮಂತ್ರಿಗೆ ಬಹಳ ದಿನದ ಕುತೂಹಲವಿತ್ತೇನೋ, ಕಿವಿ ಮಂದ ಎಂಬಂತೆ ಎದ್ದುಹೋಗಿ ತಿರುಗಿಸಿಯೇಬಿಟ್ಟ.

ಹಿಂದೆ ಕೈವಾರದ ಗೀರುಗಳಿದ್ದವು. ಒಂದು ಕಡೆ ತಪ್ಪಾಗಿ ಕೊರೆದ ತೂತು, ಅದನ್ನು ಮುಚ್ಚಿ ಪಕ್ಕದಲ್ಲೇ ಕೊರೆದ ಇನ್ನೊಂದು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಇನ್ನೊಬ್ಬರು. ಸಭೆ ನಗತೊಡಗಿದ ಮೇಲೆ ಗಲ್ಲಿಗೇರಿಸುವುದು ಎಂಥ ರಾಜನಿಗೂ ಕಷ್ಟ.

"ಬಹುಮಾನ ಕೇಳು," ಎಂದರು ರಾಜರು, ಅವಳ ಮುಖ ನೋಡದೆ.

"ಇವರಿಬ್ಬರ ಕೋಳ ಬಿಚ್ಚಿಸಿ. ಲೇತುಗಳನ್ನ ಅವರವರ ಹಿತ್ತಿಲಿಗೆ ತಲುಪಿಸಿ. ಅಪ್ಪಣೆ ರದ್ದಾಯಿತು ಅಂತ ಬೀದಿಬೀದಿಯಲ್ಲಿ ಸಾರಿಸಿ."

"ಅರ್ಧ ರಾಜ್ಯ ಬೇಡವೇ? ಅದು ವಾಡಿಕೆ."

"ಅರ್ಧ ಮಾಡೋದು ಯಾರಿಗೆ ಬರಲ್ಲ, ಮಹಾಸ್ವಾಮಿ?" ಎಂದು ಹಾಲವ್ವ ಹೊರಟುಬಂದಳು.

ಆ ವರ್ಷ ಆ ನಾಡಿನ ಹಿತ್ತಿಲುಗಳಲ್ಲಿ ಐವತ್ತೊಂಬತ್ತು, ಅರವತ್ತೊಂದು, ತೊಂಬತ್ತೇಳು ಎಂದು ಮನಸ್ಸಿಗೆ ಬಂದಷ್ಟು ಹಲ್ಲಿನ ಗಾಲಿಗಳು ಹುಟ್ಟಿದವು. ಫಕೀರಪ್ಪ ನೂರಿಪ್ಪತ್ತೇಳು ಹಲ್ಲಿನದೊಂದನ್ನು ಕೊರೆದು ಜಗಲಿಯ ಮೇಲೆ ತೂಗುಹಾಕಿದ. ಯಾವ ಕೆಲಸಕ್ಕೆ ಬರುತ್ತಪ್ಪ ಇದು ಎಂದು ದಾರಿಹೋಕರು ಕೇಳಿದರೆ, "ಕೆಲಸಕ್ಕಲ್ಲ ಕಣ್ರೀ, ಮಾಡಬಾರದು ಅಂದಿದ್ದರಲ್ಲ, ಅದಕ್ಕೆ," ಎನ್ನುತ್ತಿದ್ದ.