ಹಳೆಯ ಬ್ಯಾಟರಿ ತಂತಿ ಬಿಚ್ಚಿಸಿಕೊಂಡದ್ದು

ಮೀನುಗಾರ ದುರ್ಗಯ್ಯ ಖಾರ್ವಿ ತನ್ನ ದೋಣಿಯ ದೀಪಕ್ಕೆ ಹಳೆಯ ಬ್ಯಾಟರಿಯ ಜೊತೆಗೆ ಹೊಸದೊಂದನ್ನು ಜೋಡಿಸಿದ. "ನಾನಿದ್ದೇನೆ, ಹೆದರಬೇಡ ತಮ್ಮಾ" ಎಂದಿತು ಹಳೆಯದು.

ಮಂಜು ಕವಿದ ಒಂದು ಬೆಳಗ್ಗೆ, ನದಿ ಕಡಲು ಸೇರುವ ಅಳಿವೆ ದಾಟುವಾಗ ದೋಣಿಯ ದೀಪ ಮಂಕಾಯಿತು. ಎದುರಿನಿಂದ ಬಂದ ದೋಣಿ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲೇ ತಪ್ಪಿತು.

"ಅಣ್ಣಾ, ನನ್ನಲ್ಲಿ ತುಂಬಿದ ಚಾರ್ಜೆಲ್ಲ ನಿನ್ನೊಳಗೆ ಇಳಿದುಹೋಗುತ್ತಿದೆ" ಎಂದಿತು ಹೊಸದು ಸಂಕೋಚದಿಂದ.

ಹಳೆಯದಕ್ಕೆ ಸಿಟ್ಟು ಬಂತು. ಆದರೆ ದುರ್ಗಯ್ಯ ಮಂಕಾದ ದೀಪದ ಗಾಜನ್ನು ಮತ್ತೆ ಮತ್ತೆ ಒರೆಸುವುದು ಕಂಡಾಗ ಅದು ತಣ್ಣಗಾಯಿತು.

"ಧಣೀ, ನನ್ನ ತಂತಿ ಬಿಚ್ಚಿ. ನನ್ನ ಜಾಗಕ್ಕೂ ಹೊಸದನ್ನೇ ತನ್ನಿ."

"ಇಷ್ಟು ವರ್ಷ ದುಡಿದವನು ನೀನು. ಹೇಗೆ ಬಿಡಲಿ?"

"ದುಡಿದದ್ದು ಈ ದೀಪಕ್ಕಾಗಿ, ಧಣೀ. ಜಾಗಕ್ಕಾಗಿ ಅಲ್ಲ."

ಮರುದಿನ ಹಳೆಯದು ದಡದಲ್ಲಿ ಕುಳಿತು, ಎರಡು ಹೊಸ ಬ್ಯಾಟರಿಗಳ ಬೆಳಕಿನಲ್ಲಿ ಮಂಜನ್ನು ಸೀಳಿಕೊಂಡು ಕಡಲಿಗಿಳಿದ ತನ್ನ ದೋಣಿಯನ್ನು ಹೆಮ್ಮೆಯಿಂದ ನೋಡಿತು.